ಅವ್ವನ ಬಿಲ್ಲೆ

ನಾನು ಹುಟ್ಟಿದ, ತೋಟದ ಕೂಲಿಯವರ ಲೈನ್‌ಮನೆ ನೋಡಲು ಟಿಕೆಟ್ ತೆಗೆದುಕೊಂಡು ಹೋಗಬೇಕಾಯಿತು. ಕೊಡ್ಲಿಪೇಟೆ ಕಡೆಯ ಆ ಎಸ್ಟೇಟ್ ಈಗ ಹೋಮ್‌ಸ್ಟೇ. ರಜೆಯಲ್ಲಿ ಮಕ್ಕಳಿಗೆಂದು 'ಹಿಂದಿನ ಕಾಲಕ್ಕೆ ಪಯಣ' ಎಂಬ ಆಟ ಇಟ್ಟಿದ್ದಾರೆ. ಕಾಫಿ ಒಣಗಿಸುವ ಕಣದಲ್ಲಿ ಮರಳು ಸುರಿದು ಹಳೆಯ ಸಾಮಾನು ಹೂತಿಡುತ್ತಾರೆ. ಯಾವ ಮಗುವಿಗೆ ಏನು ಸಿಗುತ್ತದೋ ಆ ಮಗು ಆ ಸಾಮಾನಿನ ಕಾಲಕ್ಕೆ ಹೋಗಬೇಕು. ಬೆಳ್ಳಿ ಚಮಚ ಸಿಕ್ಕವರು ತೋಟದ ಸಾವುಕಾರರ ಬಂಗಲೆಗೆ, ಹಿತ್ತಾಳೆ ಬಿಲ್ಲೆ ಸಿಕ್ಕವರು ಲೈನಿಗೆ. ಆಟದಲ್ಲೂ ಅದೇ ಹಂಚಿಕೆ.

ಬಿಲ್ಲೆಗಾಗಿಯೇ ಅವ್ವ, ನಾನು, ನನ್ನ ಮಗಳು ಹೋದದ್ದು. ಅವ್ವ ಆ ತೋಟದಲ್ಲಿ ಕಾಫಿ ಹಣ್ಣು ಕುಯ್ದು ನನ್ನನ್ನು ಓದಿಸಿದಳು. ನಮ್ಮ ಲೈನಿನಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅವ್ವನ ಬಿಲ್ಲೆಯ ನಂಬರ್ ನೂರಾ ಹದಿನಾಲ್ಕು. ಬೆಳಿಗ್ಗೆ ಗಂಟೆ ಹೊಡೆದಾಗ ಸಾಲಿನಲ್ಲಿ ನಿಂತು ಅದನ್ನು ಹಾಜರಿ ಬರೆಯುವ ರೈಟರ್ ಕೈಗೆ ಕೊಡಬೇಕು. ಸಂಜೆ ಹಣ್ಣು ತೂಗಿದ ಮೇಲೆ ಅವನು ವಾಪಸ್ ಕೊಡುತ್ತಾನೆ. ತೋಟದಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ, ನಂಬರೇ ಹೆಸರು. ಕೆಲಸ ಬಿಟ್ಟ ದಿನ ಅವ್ವ ಕೇಳಿದ್ದು ಆ ಬಿಲ್ಲೆ ಒಂದನ್ನೇ. "ಅದು ಎಸ್ಟೇಟಿಂದು" ಎಂದು ರೈಟರ್ ಇಟ್ಟುಕೊಂಡ. ಈಗ ಆ ಹಳೆಯ ಬಿಲ್ಲೆಗಳನ್ನೆಲ್ಲ ಆಟದ ಮರಳಿಗೆ ಹಾಕಿದ್ದಾರೆ ಎಂದು ಲೈನಿನವರೊಬ್ಬರು ಫೋನ್ ಮಾಡಿ ಹೇಳಿದ್ದರು.

ನನ್ನ ಮಗಳು ನಂಬರ್ ಬಾಯಿಪಾಠ ಮಾಡಿಕೊಂಡೇ ಬಂದಿದ್ದಳು. ಕೋಳಿ ಕೆದರಿದಂತೆ ಕೆದರಿ, ಸಿಕ್ಕ ಚಮಚವನ್ನು ಆಚೆ ಎಸೆದು, ಕೊನೆಗೆ ನೂರಾ ಹದಿನಾಲ್ಕರ ಬಿಲ್ಲೆ ಎತ್ತಿ ಹಿಡಿದಳು.

"ವಾವ್ ಪುಟ್ಟಾ, ನೀನು ಕೂಲಿ ಆಗ್ಬಿಟ್ಟೆ" ಎಂದು ಸಾವುಕಾರರ ಸೊಸೆ ಅವಳ ತಲೆಗೆ ಬಟ್ಟೆ ಕಟ್ಟಲು ಬಂದಳು.

"ಇದು ನಮ್ಮಜ್ಜಿದು" ಎಂದು ಮಗಳು ತಪ್ಪಿಸಿಕೊಂಡು ಓಡಿ ಅದನ್ನು ಕಣದ ಅಂಚಿನಲ್ಲಿ ಕೂತಿದ್ದ ಅಜ್ಜಿಯ ಕೈಗಿಟ್ಟಳು.

ಅಷ್ಟರಲ್ಲಿ ಆಟದ ಗಂಟೆ ಹೊಡೆಯಿತು.

ಅವ್ವ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಹೋಗಿ ಮಕ್ಕಳ ಸಾಲಿನಲ್ಲಿ ನಿಂತಳು. ಮುಂದೆ ಖಾಕಿ ಚಡ್ಡಿ, ಟೋಪಿ ಹಾಕಿಕೊಂಡು ನಿಂತಿದ್ದವನು ಅದೇ ಹಳೆಯ ರೈಟರ್. ಅವನು ಕೈ ಚಾಚಿದ. ಅವ್ವ ಬಿಲ್ಲೆ ಕೊಟ್ಟೇಬಿಟ್ಟಳು. ಅವನು ಅದನ್ನು ಪಕ್ಕದ ಡಬ್ಬಿಗೆ ಹಾಕಿದ.

ಜನ ಮೊಬೈಲ್ ಎತ್ತಿದರು. "ತುಂಬಾ ನ್ಯಾಚುರಲ್ ಆಗಿದೆ, ಹಾಗೇ ನಿಂತ್ಕೊಳ್ಳಿ ಅಜ್ಜಿ" ಎಂದಳು ಸೊಸೆ.

ನಾನು ಸಾಲಿನ ಮುಂದಕ್ಕೆ ನುಗ್ಗಿದೆ. "ಅದನ್ನ ವಾಪಸ್ ಕೊಡಿ, ನಮ್ಮವ್ವನ್ದು" ಎಂದೆ.

"ಅದು ಎಸ್ಟೇಟ್ ಪ್ರಾಪರ್ಟಿ ಮೇಡಂ. ನೀವು ಇಲ್ಲೀ ಲೈನ್‌ನೋರಲ್ವಾ? ಓದ್ಕೊಂಡಿದೀರಂತೆ. ಅಷ್ಟು ಗೊತ್ತಾಗಲ್ವಾ?" ಎಂದಳು ಸೊಸೆ.

"ಓದಿದ್ರಿಂದಲೇ ಗೊತ್ತಾಗ್ತಿದೆ. ನಮ್ಮನ್ನ ದುಡಿಸ್ಕೊಂಡ್ರಿ, ಈಗ ನಮ್ಮ ದುಡಿಮೆಗೂ ಟಿಕೆಟ್ ಇಟ್ಟಿದೀರಿ."

ರೈಟರ್ ಪಕ್ಕದ ಡಬ್ಬಿಯಿಂದ ಬಿಲ್ಲೆ ಎತ್ತಿಕೊಂಡು ನಾನೇ ಅವ್ವನ ಮುಂದೆ ಹಿಡಿದೆ. ಅವಳು ಮುಟ್ಟಲಿಲ್ಲ.

"ಅಲ್ಲೇ ಮಡಗು. ನೀನ್ಯಾಕ್ ಕದಿಯಕ್ ಹೋದಿಯೆ? ಕಿತ್ಕಂಡೋನು ಅವ್ನು. ಅವ್ನೇ ಕೊಡ್ಲಿ" ಎಂದಳು. ನಾನು ಅದನ್ನು ಮತ್ತೆ ಡಬ್ಬಿಗೆ ಹಾಕಿದೆ.

"ಎಲ್ರೂ ನೋಡ್ತಾವ್ರೆ, ಸುಮ್ನಿರವ್ವ" ಎಂದ ರೈಟರ್.

"ನೋಡ್ಲಿ ಬುಡು. ದಿನಾ ಸಂಜಿಕೆ ಕೊಡ್ತಿದ್ದಲ್ಲ, ಆ ಕಡೇ ದಿನ ಯಾಕ್ ಕೊಡ್ನಿಲ್ಲ? ಚಡ್ಡಿ ಇಕ್ಕಂಡು ಕುಣಿಯಕ್ ನಾಚ್ಕೆ ಇಲ್ಲ, ಕೊಡಕ್ ನಾಚ್ಕೆಯಾ?"

ಆಟದ ಭಾಗವೆಂದುಕೊಂಡು ಜನ ನಕ್ಕರು, ಮೊಬೈಲ್ ಇಳಿಸಲಿಲ್ಲ. ರೈಟರ್ ಸೊಸೆಯ ಮುಖ ನೋಡಿದ. ಅವಳು ಆ ಮೊಬೈಲ್‌ಗಳ ಕಡೆ ಹಲ್ಲು ಕಿರಿಯುತ್ತಲೇ, "ಕೊಟ್ಟು ಕಳಿಸಿ" ಎಂದು ಹಲ್ಲಿನ ಸಂದಿಯಲ್ಲಿ ಹೇಳಿದಳು. ರೈಟರ್ ಡಬ್ಬಿಗೆ ಕೈ ಹಾಕಿ ಬಿಲ್ಲೆ ತೆಗೆದು ಅವ್ವನ ಅಂಗೈಯಲ್ಲಿಟ್ಟ. ಅವಳು ಸೆರಗಿನ ತುದಿಯಿಂದ ಅದನ್ನು ಒರೆಸಿದಳು, ಅವನ ಕೈ ತಾಗಿದ ಕಡೆ ಇನ್ನೊಂದು ಸಲ.

"ಅಜ್ಜಿ, ಈಗ ಯಾವ ಕಾಲಕ್ಕೆ ಹೋಗೋದು?" ಎಂದಳು ಮಗಳು.

"ಮನೆಗ್ ಹೋಗಾನ ನಡಿ. ಬಸ್ಸು ತಪ್ಪೋಯ್ತದೆ."