ಚಿಕ್ಕ ಎ

ಸಿಸ್ಟಂ ಅಣ್ಣನ ಬಲಗೈಯಲ್ಲಿ ಮೂರೇ ಬೆರಳು. ಉಳಿದೆರಡನ್ನು ಹಾರೋಹಳ್ಳಿಯ ನಮ್ಮ ಕಾರ್ಖಾನೆಯ ಪ್ರೆಸ್ ಮಷಿನ್ನು ತಗಡಿನ ಜೊತೆ ಕತ್ತರಿಸಿ ಹಾಕಿತ್ತು. ಆಮೇಲೆ ಅವರನ್ನು ಕಂಪ್ಯೂಟರ್ ಕೋಣೆಯಲ್ಲಿ ಕೂರಿಸಿದರು, ಆ ಹೆಸರು ಬಂದದ್ದು ಅಲ್ಲಿಂದಲೇ. ಆ ಮೂರು ಬೆರಳಲ್ಲೇ ಕೀಬೋರ್ಡನ್ನು ಮೊಳೆ ಬಡಿದಂತೆ ಕುಟ್ಟುತ್ತಿದ್ದರು. ಟೈಪ್ ಮಾಡು ಅನ್ನುವ ಮಾತೇ ಅವರ ಬಾಯಲ್ಲಿರಲಿಲ್ಲ, ಎಲ್ಲಕ್ಕೂ ‘ಹೊಡಿ’.

"ಯೂಸರ್ ಆಡ್ ಹೊಡಿ. ಗ್ರೂಪ್ ಆಡ್ ಹೊಡಿ. ಏನ್ಲಾ ಸವರ್ತಾ ಇದ್ದೀಯ, ಬೆಕ್ಕಾ ಅದು?"

ನಲವತ್ತು ದಾಟಿದ ಮೇಲೆ ಅವರ ಕೈಕೆಳಗೆ ಸೇರಿದವನು ನಾನು. ಮನೆಗೆ ಬೀಗ ಹಾಕಿ, ಬಸ್‌ಸ್ಟಾಂಡಿನಿಂದ ವಾಪಸ್ ಹೋಗಿ ಜಗ್ಗಿ ನೋಡುವ ಆಸಾಮಿ. ಮೌಸಿನಲ್ಲಿ ಒತ್ತಿದರೆ ಕಂಪ್ಯೂಟರ್ ‘ಖಂಡಿತವಾ?’ ಅಂತಾದರೂ ಕೇಳುತ್ತದೆ. ಅಣ್ಣ ಕಮಾಂಡ್ ಹೊಡೆಯುವ ಆ ಕಪ್ಪು ಪರದೆ ಏನನ್ನೂ ಕೇಳುವುದಿಲ್ಲ, ಹೇಳಿದ್ದನ್ನು ಮಾಡಿ ಮುಗಿಸುತ್ತದೆ.

ಅಣ್ಣನಿಗೆ ಹೆದರಿಕೆ ಇದ್ದದ್ದು ಒಂದೇ ಅಕ್ಷರಕ್ಕೆ. ಕೆಲಸಗಾರನನ್ನು ಇನ್ನೊಂದು ಗುಂಪಿಗೆ ಸೇರಿಸುವ ಕಮಾಂಡಿನಲ್ಲಿ ಇಂಗ್ಲಿಷಿನ ದೊಡ್ಡ ‘ಜಿ’ ಅಕ್ಷರಕ್ಕೆ ಮುಂಚೆ ಒಂದು ಚಿಕ್ಕ ‘ಎ’ ಬರಬೇಕು. "ಎ ಬುಟ್ಟೀಯ, ಹೊಸ ಗುಂಪಿಗೆ ಸೇರ್ಸಿ ಹಳೇ ಗುಂಪಿಂದೆಲ್ಲ ಒದ್ದು ಆಚೆಗಾಕ್ಬುಡ್ತದೆ ಕಣ್ಲಾ."

ಬಿಟ್ಟೆ. ಕೋಡಿಹಳ್ಳಿ ಕಡೆಯ ಒಬ್ಬ ಆಪರೇಟರನ್ನು ಹೊಸ ಮಷಿನ್ನಿನ ಗುಂಪಿಗೆ ಸೇರಿಸುವಾಗ, ಅವನ ಹೆಸರಿನ ಸ್ಪೆಲ್ಲಿಂಗನ್ನು ಮೂರು ಸಲ ನೋಡಿ, ಎ ಬಿಟ್ಟೆ. ಹಾಜರಿ ಗುಂಪಿನಿಂದ ಅವನು ಮಾಯವಾದ. ಮಾರನೇ ಬೆಳಿಗ್ಗೆ ಗೇಟಿನ ಕಂಪ್ಯೂಟರ್ ಅವನನ್ನು ಗುರುತಿಸಲಿಲ್ಲ. "ನಿನ್ನ ಕೆಲಸದಿಂದ ತೆಗೆದವ್ರೆ, ನಡಿ" ಅಂದರು ಕಾವಲಿನವರು. ಅವನು ಒಳಕ್ಕೆ ನುಗ್ಗಿದ. ಇಬ್ಬರು ಲಾಠಿಯಲ್ಲಿ ಬಾರಿಸಿದರು. ಹುಬ್ಬು ಸೀಳಿತು.

ಕಣ್ಣಿಗಿಳಿಯುವ ರಕ್ತ ಒರೆಸಿಕೊಳ್ಳದೆ, ಅವರಿಂದ ಬಿಡಿಸಿಕೊಂಡು, ಕಬ್ಬಿಣದ ಸರಳು ಹಿಡಿದು ನಮ್ಮ ಕೋಣೆಗೆ ಬಂದ. ಮೊದಲ ಏಟಿಗೆ ಬಾಗಿಲ ಗಾಜು ಪುಡಿಯಾಯಿತು.

"ಯಾವನ್ಲಾ ನನ್ನ ಹೆಸ್ರು ಕಿತ್ತಾಕ್ದೋನು?"

ನಾನು ಕೀಬೋರ್ಡ್ ಸಮೇತ ಮೇಜಿನ ಕೆಳಗಿದ್ದೆ. ಗೇಟಿನ ಗಲಾಟೆ ಕೇಳಿದಾಗಲೇ ಅಣ್ಣ ಪರದೆ ನೋಡಿ ನನ್ನ ತಪ್ಪು ಹಿಡಿದು, ಅವನನ್ನು ಹಾಜರಿಗೆ ವಾಪಸ್ ಸೇರಿಸಲು ಹೇಳಿದ್ದರು. ನಡುವೆ ಬಂದು ನಿಂತರು.

"ನಾನೇ ಕಣಪ್ಪ." ಆಮೇಲೆ ಕತ್ತು ತಿರುಗಿಸಿ ನನಗೆ, "ಎ ಹೊಡಿ!"

ಅವನಿಗೆ ಅದು ‘ಏ, ಹೊಡಿ!’ ಅಂತ ಕೇಳಿಸಿತು. ಹೊಡೆದ.

ಎಡ ಮುಂಗೈ ಒಣಗಿದ ತೆಂಗಿನ ಮಟ್ಟೆಯ ಹಾಗೆ ಲಟಕ್ಕೆಂದಿತು. ಅಣ್ಣ ಮಂಡಿಯೂರಿದರು. ಆದರೂ ನನ್ನನ್ನೇ ನೋಡುತ್ತಾ, "ಎ... ಎ ಹೊಡೀಲಾ!"

ಎರಡನೇ ಏಟು ಭುಜಕ್ಕೆ ಬಿತ್ತು.

"ಹೊಡೆದೆ ಅಣ್ಣಾ!" ಅಂತ ಮೇಜಿನಡಿಯಿಂದ ಕಿರುಚಿದೆ. ಸರಳು ಗಾಳಿಯಲ್ಲೇ ನಿಂತಿತು. ಅಣ್ಣ ಮೂರು ಬೆರಳಿನ ಕೈಯೆತ್ತಿ ಪರದೆ ತೋರಿಸಿದರು. ಅಲ್ಲಿ ಅವನ ಹೆಸರು, ಪಕ್ಕದಲ್ಲಿ ಗುಂಪುಗಳು, ಹಾಜರಿಯೂ ಸೇರಿ.

"ಇದ್ದೀಯ ನೋಡಪ್ಪ. ಎಲ್ಲೂ ಹೋಗಿಲ್ಲ."

ಸರಳು ಕೆಳಗೆ ಬಿತ್ತು.

‘ನಾನೇ ಎಡವಿ ಗಾಜಿನ ಬಾಗಿಲ ಮೇಲೆ ಬಿದ್ದೆ, ಹಾಜರಿಯ ತಪ್ಪೂ ನನ್ನದೇ’ ಎಂದು ಅಣ್ಣ ಮ್ಯಾನೇಜರಿಗೆ ಹೇಳಿದರು. ಅವನ ಕೆಲಸ ಉಳಿಯಿತು. ನನ್ನದೂ. ಅಣ್ಣನ ಮುಂಗೈ ಮಾತ್ರ ಮತ್ತೆ ನೆಟ್ಟಗಾಗಲಿಲ್ಲ. ನಾನು ಬಾಯಿ ಬಿಡಲಿಲ್ಲ.

ಈಚೆಗೆ ಅಣ್ಣ ತೀರಿಕೊಂಡರು. ಮಣ್ಣು ಮಾಡುವಾಗ ಆಪರೇಟರ್ ನನ್ನ ಪಕ್ಕದಲ್ಲೇ ನಿಂತಿದ್ದ, ಹುಬ್ಬಿನ ಮೇಲೆ ಹೊಲಿಗೆ ಗುರುತು. ಒಂದು ಹೆಜ್ಜೆ ಹಿಂದೆ ಸರಿದುಕೊಂಡೇ ಹೇಳಿದೆ: "ಅವತ್ತು ತಪ್ಪು ಮಾಡಿದ್ದು ನಾನು."

"ಗೊತ್ತು ಕಣ್ ಸಾರ್. ಮಾಡ್ದೋನೇ ಅಲ್ವಾ ಮೇಜಿನ ಕೆಳೀಕೆ ಹೋಗೋದು? ಯಾಕಣ್ಣ ನೀನ್ ಒಪ್ಕಂಡೆ ಅಂತ ಆಸ್ಪತ್ರೇಲಿ ಕೇಳ್ದೆ. ‘ಅವನಿಗೆ ಇನ್ನೂ ಹತ್ತೂ ಬೆರಳು ಅವೆ, ಹಂಗೇ ಇರ್ಲಿ ಬುಡ್ಲಾ’ ಅಂದ್ರು."

ಹತ್ತೂ ಬೆರಳಲ್ಲಿ ಮಣ್ಣು ಬಾಚಿ ಹಾಕಿದೆ.