ಪುಟ್ಟಬಸಮ್ಮಜ್ಜಿಯ ಪ್ರಶ್ನೆ

ತಿಗನಾರೆ ಊರಿನ ಬಸುರಿಯರು ಪುಟ್ಟಬಸಮ್ಮಜ್ಜಿಯ ಕಣ್ಣು ತಪ್ಪಿಸಿ ಹೋಗಲಾರರು. ಬೇರೆಯವರು ಊಟವಾಯಿತೇ ಎಂದು ಕೇಳಿದರೆ, ಈಕೆ ಜಗುಲಿಯಿಂದಲೇ “ಕೂಸು ಒದೀತಾ ಅದಾ?” ಎಂದು ಕೂಗುತ್ತಾಳೆ. ದೂರದ ಹೊಲದಲ್ಲಿರುವವರು ಹೌದೆಂದು ಕೈ ಎತ್ತಿ ತೋರಿಸಬೇಕು. “ನಿಮ್ ಕಾಟಕ್ಕೇ ಒದೀತದೆ ಕಣವ್ವ” ಎಂದು ತುಂಬುಬಸುರಿ ಪರಿಮಳ ಅಣಕಿಸಿದರೆ, “ಒದೀಲಿ ಬುಡು, ನಂಗೆ ಅದೇ ಬೇಕು” ಎನ್ನುತ್ತಾಳೆ. ಅಲುಗಾಟ ಕಮ್ಮಿ ಎಂದು ಯಾರಾದರೂ ಅಂದರೆ ಬಸ್ಸಿಗೂ ಕಾಯಗೊಡದೆ, ಎಲೆಕೋಸಿನ ಲಾರಿಯನ್ನು ಅಡ್ಡಹಾಕಿ, ತಾನೇ ತಾಳವಾಡಿಯ ಆಸ್ಪತ್ರೆಗೆ ಕರೆದೊಯ್ಯುತ್ತಾಳೆ. ಹೊಟ್ಟೆಯಲ್ಲಿ ಸುಮ್ಮನಿರುವ ಕೂಸನ್ನು ಊರಿನ ಹಿರಿಯರು ಸಾಧು ಕೂಸೆಂದು ಹೊಗಳುವುದುಂಟು. ಸೊಸೆ ಪದ್ಮಶ್ರೀಯ ಚೊಚ್ಚಲ ಬಸಿರಿನಲ್ಲಿ ಅಲುಗಾಟ ನಿಂತಾಗ ಅಜ್ಜಿಯೂ ಹಾಗೇ ಹೊಗಳಿದ್ದಳು. ಆ ಕೂಸು ಉಸಿರಿಲ್ಲದೆ ಹುಟ್ಟಿತು. ಮೊನ್ನೆ ಸರ್ಕಾರದ ಸಮೀಕ್ಷೆಗೆ ಬಂದ ಹುಡುಗಿ ಮೊಮ್ಮಕ್ಕಳೆಷ್ಟು ಎಂದು ಕೇಳಿದಾಗ ಅಜ್ಜಿ “ಎರಡು” ಎಂದಳು. ಮನೆಯಲ್ಲಿದ್ದದ್ದು ಒಂದೇ. ಸತ್ತು ಹುಟ್ಟಿದ್ದನ್ನು ಸೇರಿಸುವಂತಿಲ್ಲ ಎಂದು ಹುಡುಗಿ ಮೆಲ್ಲಗೆ ಹೇಳಿದಳು. “ಲೆಕ್ಕಕ್ಕೇ ಸೇರಿಸ್ದೆ ಇದ್ರೆ, ಮುಂದಿನ ಕೂಸ್ಗಳ ಉಳಿಸ್ಬೇಕು ಅಂತ ಸರ್ಕಾರಕ್ಕೆ ಎಂಗವ್ವ ಗೊತ್ತಾದದು?” ಎಂದಳು ಅಜ್ಜಿ. ಅಷ್ಟರಲ್ಲಿ ರಸ್ತೆಯಲ್ಲಿ ಪರಿಮಳ ಕಂಡಳು. ಅಜ್ಜಿ ಬಾಯಿ ತೆರೆಯುವ ಮೊದಲೇ ಅವಳು ನಿಂತು, ಹೊಟ್ಟೆಯ ಮೇಲೊಂದು ಕೈಯಿಟ್ಟು, ಇನ್ನೊಂದನ್ನು ಮೇಲೆತ್ತಿ ತೋರಿಸಿದಳು.