ಅತ್ತೆಯ ಉಯಿಲಿಗೆ ಇಬ್ಬರು ಸಾಕ್ಷಿಗಳು

ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ನಾನು ಕಾನೂನು ಕಾಲೇಜಿಗೆ ಸೇರಿದೆ. ಮೊಮ್ಮಕ್ಕಳು ಇರಲಿಲ್ಲ, ಕುವೆಂಪುನಗರದ ಮನೆಯಲ್ಲಿ ಮಧ್ಯಾಹ್ನಗಳು ಮಾತ್ರ ಬೇಕಾದಷ್ಟಿದ್ದವು. ನನ್ನ ಗಂಡ, "ಇಷ್ಟು ದಿನ ಸುಮ್ನೆ ಜಗಳ ಆಡ್ತಿದ್ದೆ, ಇನ್ಮೇಲೆ ಸೆಕ್ಷನ್ ಹೇಳಿ ಆಡ್ತೀಯ" ಎಂದರು.

ಎರಡನೇ ವರ್ಷ ಉಯಿಲು, ವಾರಸುದಾರಿಕೆಯ ಪಾಠ ಬಂತು. ಸತ್ತವರ ಆಸ್ತಿಯ ವಿಷಯ ಎತ್ತಿದಾಗ ಮಾತ್ರ ನಮ್ಮ ಮೇಷ್ಟ್ರ ಮುಖಕ್ಕೆ ಕಳೆ ಬರುತ್ತಿತ್ತು. ಒಂದು ದಿನ ಅವರು ಹೇಳಿದರು: ಮಕ್ಕಳಿಲ್ಲದ ಹಿಂದೂ ವಿಧವೆ ಉಯಿಲು ಬರೆಯದೆ ತೀರಿಕೊಂಡರೆ, ಅವಳೇ ದುಡಿದು ಕೊಂಡ ಮನೆಯೂ ಗಂಡನ ಕಡೆಯವರ ಪಾಲಾಗುತ್ತದೆ. ಮಿಕ್ಕವರು ತಲೆ ತಗ್ಗಿಸಿ ಬರೆದುಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮ ಸೋದರತ್ತೆ ನೆನಪಾಗಿದ್ದರು.

ಅತ್ತೆಯ ಗಂಡ ಮದುವೆಯಾದ ವರ್ಷದೊಳಗೇ ತೀರಿಕೊಂಡಿದ್ದರು. ಹುಡುಗಿಯ ಕಾಲ್ಗುಣ ಸರಿಯಿಲ್ಲ ಎಂದು ಆ ಮನೆಯವರು ಉಟ್ಟ ಸೀರೆಯಲ್ಲೇ ತವರಿಗೆ ಕಳಿಸಿಬಿಟ್ಟರು. ಅತ್ತೆ ಓದಿದರು, ಹಿಂದಿ ಟೀಚರ್ ಆದರು, ಅಗ್ರಹಾರದ ಓಣಿಯೊಂದರಲ್ಲಿ ಪುಟ್ಟ ಮನೆ ಕೊಂಡರು. ಅದೇ ಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದ ಅವರ ಗೆಳತಿ, ನಾವೆಲ್ಲ ಟೀಚರಮ್ಮ ಎಂದು ಕರೆಯುವವರು, ಮದುವೆಯಾಗದೆ ಆ ಮನೆಯಲ್ಲೇ ಉಳಿದುಬಿಟ್ಟರು. ಇಬ್ಬರೂ ಜೊತೆಗೇ ಮುದುಕಿಯರಾದರು. ನಾಳೆ ಅತ್ತೆ ಕಣ್ಣು ಮುಚ್ಚಿದರೆ, ಕಾಲ್ಗುಣದ ಪಂಡಿತರ ಮೊಮ್ಮಕ್ಕಳು ಬಂದು ಟೀಚರಮ್ಮನ ಟ್ರಂಕನ್ನು ಬೀದಿಗಿಡಬಹುದು. ಕಾನೂನು ಅಡ್ಡ ಬರುವುದಿಲ್ಲ. ದರಿದ್ರ ಕಾನೂನು.

ಕ್ಲಾಸಿನಿಂದ ನೇರ ಸ್ಕೂಟರ್ ತಿರುಗಿಸಿದೆ. ವಿಷಯ ಕೇಳಿ ಅತ್ತೆ ಹುರುಳಿಕಾಯಿ ಸೋಸುವುದನ್ನು ನಿಲ್ಲಿಸಲಿಲ್ಲ.

"ಉಯಿಲು ಬರೆದ್ರೆ ಯಮನಿಗೆ ಮನೆ ಅಡ್ರೆಸ್ ಕೊಟ್ಟ ಹಾಗೆ ಕಣೇ."

"ಅವನಿಗೆ ಗೊತ್ತಿಲ್ಲದ ಅಡ್ರೆಸ್ಸಾ ಅತ್ತೆ? ಟೀಚರಮ್ಮ ಎಲ್ಲಿಗೆ ಹೋಗ್ಬೇಕು ಹೇಳಿ."

ಅಡುಗೆಮನೆಯಿಂದ ಟೀಚರಮ್ಮ, "ನನ್ನ ಸುದ್ದಿ ಎತ್ತಬೇಡ" ಎಂದರು. ಅತ್ತೆ ಅವರತ್ತ ಒಮ್ಮೆ ನೋಡಿ, "ಬರಿ" ಎಂದರು.

ಬರೆದೆ. ಮನೆ ಟೀಚರಮ್ಮನಿಗೆ. ಸಾಕ್ಷಿಗೆ ವಯಸ್ಸಿನಲ್ಲಿ ಚಿಕ್ಕವರನ್ನು, ಗಟ್ಟಿಮುಟ್ಟಾಗಿರುವವರನ್ನು ಹಿಡಿಯಿರಿ, ನಾಳೆ ಕೋರ್ಟಿಗೆ ಬಂದು ಹೇಳಲು ಅವರು ಬದುಕಿರಬೇಕು ಎಂದು ಮೇಷ್ಟ್ರು ಹೇಳಿದ್ದರು. ಅತ್ತೆ ಒಪ್ಪಲಿಲ್ಲ. "ಲಗ್ನಪತ್ರಿಕೆಗೆ ಹಿರಿಯರು ಬೇಕು, ಇದಕ್ಕೆ ಬೇಡ್ವಾ? ದೊಡ್ಡೋರು ಇರೋವಾಗ ಚಿಕ್ಕೋರ ಹತ್ರ ಸಹಿ ಹಾಕಿಸಿದ್ರೆ ಓಣಿಯವರು ಏನಂದ್ಕೊಂಡಾರು?" ಹೀಗಾಗಿ ಓಣಿಯ ಅತಿ ಹಿರಿಯರಿಬ್ಬರು ಬಂದರು: ಎದುರುಮನೆಯ ಗಣಿತದ ಮೇಷ್ಟ್ರು, ಪಕ್ಕದ ಮನೆಯ ಪುರೋಹಿತರು. ರಾಹುಕಾಲ ಕಳೆದ ಮೇಲೆ ಸಹಿಯಾಯಿತು. ಉಪ್ಪಿಟ್ಟು, ಕೇಸರಿಬಾತು, ತಾಂಬೂಲ. ಹೆಣ್ಣು ನೋಡುವ ಶಾಸ್ತ್ರವೂ ಅಷ್ಟು ಸಲೀಸಾಗಿ ನಡೆಯುವುದಿಲ್ಲ.

ಸಂಕ್ರಾಂತಿಗೆ ಮುಂಚೆ ಗಣಿತದ ಮೇಷ್ಟ್ರು ಹೋದರು. ಯುಗಾದಿ ಹೊತ್ತಿಗೆ ಪುರೋಹಿತರೂ ಹೋದರು. ಇಬ್ಬರೂ ತುಂಬು ವಯಸ್ಸಿನವರು, ಹೊರಟಿದ್ದರಲ್ಲಿ ಆಶ್ಚರ್ಯವೇನಿಲ್ಲ. ಸಾಕ್ಷಿಗಳು ಸತ್ತರೆ ಉಯಿಲು ಸಾಯುವುದಿಲ್ಲ, ಕೋರ್ಟಿನಲ್ಲಿ ರುಜುವಾತು ಮಾಡುವುದು ಕಷ್ಟವಾಗುತ್ತದೆ ಅಷ್ಟೆ. ಇನ್ನೊಂದು ಬರೆಸೋಣ ಎಂದೆ. ಆದರೆ ಓಣಿಯಲ್ಲಿ ಆಗಲೇ ಗುಸುಗುಸು ಶುರುವಾಗಿತ್ತು. ಆಯಮ್ಮನ ಉಯಿಲಿಗೆ ಸಹಿ ಹಾಕಿದವರು ಉಳಿಯುವುದಿಲ್ಲವಂತೆ. ಹಿಟ್ಟಿನ ಗಿರಣಿಯವರನ್ನು ಕೇಳಿದರೆ, "ಮಂಡಿನೋವು ಕಣಮ್ಮ, ಬುಟ್ಬುಡಿ" ಎಂದರು. ಸಹಿಯನ್ನು ಯಾವ ಮಂಡಿಯಿಂದ ಹಾಕುತ್ತಾರೋ ದೇವರೇ ಬಲ್ಲ.

ನಾನು ನಗುತ್ತಲೇ ಇದನ್ನು ಅತ್ತೆಗೆ ಹೇಳಿದೆ. ಅವರು ನಗಲಿಲ್ಲ.

"ಅವರು ಹೇಳೋದ್ರಲ್ಲಿ ತಪ್ಪೇನಿದೆ? ನನ್ನ ಕಾಲ್ಗುಣಾನೇ ಹಾಗೆ. ಯಾರನ್ನೂ ಕೇಳಬೇಡ ಇನ್ನು."

ಇಷ್ಟು ವರ್ಷ ಪಾಠ ಹೇಳಿ, ಮನೆ ಕೊಂಡು, ಓಣಿಯವರನ್ನೆಲ್ಲ ಗದರಿಕೊಂಡು ಬಾಳಿದ ಹೆಂಗಸು ಆ ಮಾತನ್ನು ಒಳಗೇ ಇಟ್ಟುಕೊಂಡಿದ್ದರು. ನನಗೆ ಅಳು ಬಂತು, ಅದಕ್ಕಿಂತ ಜಾಸ್ತಿ ಸಿಟ್ಟು ಬಂತು. "ನಾನು ಹಾಕ್ತೀನಿ ಸಹಿ. ನಿಮ್ಮ ಅಳಿಯಂದಿರೂ ಹಾಕ್ತಾರೆ" ಎಂದೆ. ಅಳಿಯಂದಿರನ್ನು ಇನ್ನೂ ಕೇಳಿರಲಿಲ್ಲ.

"ನಿನ್ನ ಪರೀಕ್ಷೆಗೆ ನಾನ್ಯಾಕೆ ಬಲಿಯಾಗ್ಬೇಕು?" ಎಂದರು ನನ್ನ ಗಂಡ. ಆದರೂ ಬಂದರು. ಬರುವ ಮುಂಚೆ ಬಿಪಿ ಚೆಕ್ ಮಾಡಿಸಿಕೊಂಡು ಬಂದಿದ್ದರು ಎಂಬುದು ಆಮೇಲೆ ತಿಳಿಯಿತು. ನಾವಿಬ್ಬರೂ ನೋಡುತ್ತಿದ್ದಂತೆ ಅತ್ತೆ ಸಹಿ ಹಾಕಿದರು, ಅವರ ಎದುರಿಗೆ ನಾವು ಹಾಕಿದೆವು. ಪೆನ್ನು ಹಿಡಿಯುವ ಮುಂಚೆ ನಾನೂ ಒಮ್ಮೆ ದೇವರಮನೆಯತ್ತ ನೋಡಿಕೊಂಡೆ, ಸುಳ್ಳೇಕೆ ಹೇಳಲಿ. ಅತ್ತೆ ಎದ್ದು ಒಳಗೆ ಹೋಗಿ ಉಪ್ಪು ಮೆಣಸಿನಕಾಯಿ ತಂದು ನಮ್ಮಿಬ್ಬರಿಗೂ ನಿವಾಳಿಸಿ ಒಲೆಗೆ ಹಾಕಿದರು. ಟೀಚರಮ್ಮ ಕೆಮ್ಮುತ್ತಾ ಕಣ್ಣೊರೆಸಿಕೊಂಡರು.

ಮಾರನೇ ದಿನದಿಂದ ಬೆಳಿಗ್ಗೆ ಹಾಲು ಕಾಯಿಸುವ ಹೊತ್ತಿಗೆ ಫೋನ್. "ಇದ್ದೀಯೇನೇ?"

"ಇದ್ದೀನಿ ಅತ್ತೆ."

"ಅವರು?"

"ಗೊರಕೆ ಹೊಡೀತಿದ್ದಾರೆ."

"ಸರಿ ಹಾಗಾದ್ರೆ." ಫೋನ್ ಇಟ್ಟುಬಿಡುತ್ತಿದ್ದರು. ಎಂಬತ್ತು ದಾಟಿದ ಅತ್ತೆ, ನಾವು ಬದುಕಿದ್ದೇವೆಯೇ ಎಂದು ದಿನಾ ವಿಚಾರಿಸಿಕೊಳ್ಳುತ್ತಿದ್ದರು. ಮಳೆಗಾಲ ಹೋಯಿತು, ದಸರಾ ಹೋಯಿತು, ನನ್ನ ಪರೀಕ್ಷೆಯೂ ಮುಗಿಯಿತು. ಫೋನ್ ತಪ್ಪಲಿಲ್ಲ.

ಒಂದು ಬೆಳಿಗ್ಗೆ ಬರಲಿಲ್ಲ. ನಾನೇ ಮಾಡಿದೆ, ಎತ್ತಲಿಲ್ಲ. ಸ್ಟೌವ್ ಆರಿಸಿ, ನೈಟಿಯ ಮೇಲೆ ದುಪಟ್ಟಾ ಎಳೆದುಕೊಂಡು, ಅಗ್ರಹಾರದವರೆಗೆ ಸ್ಕೂಟರ್ ಹೇಗೆ ಓಡಿಸಿದೆನೋ ಗೊತ್ತಿಲ್ಲ. ಬಾಗಿಲು ಅರ್ಧ ತೆಗೆದಿತ್ತು. ಒಳಗೆ ಇಬ್ಬರೂ ಎದುರುಬದುರು ಕೂತು ಕಾಫಿ ಕುಡಿಯುತ್ತಿದ್ದರು.

"ಯಾಕೆ ಫೋನ್ ಮಾಡ್ಲಿಲ್ಲ?" ಎಂದು ಕೂಗಿಯೇಬಿಟ್ಟೆ.

ಅತ್ತೆ ನನ್ನ ನೈಟಿಯನ್ನು ಮೇಲಿಂದ ಕೆಳಗೆ ನೋಡಿದರು. "ನಿಂಗೇನಾಗುತ್ತೆ, ಗುಂಡುಕಲ್ಲಿನ ಹಾಗಿದ್ದೀಯ" ಎಂದು ಮತ್ತೆ ಲೋಟ ಎತ್ತಿಕೊಂಡರು.